ಪೆಡಲ್ ಮೇಲಿನ ಕೈ

ತಂಗಿಯ ಮನೆಯಲ್ಲಿ ಅವಳ ಮಗಳು ಹಿಡಿದು ಆಡುವ ಕಂಪ್ಯೂಟರ್ ಆಟದ ಸ್ಟೇರಿಂಗಿನ ಬೆವರು ಬೆರೆತ ರಬ್ಬರ್ ವಾಸನೆ ಬಂದರೆ, ಬೈಲಹೊಂಗಲದ ಕಾಕಾನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾಕಾ ಕಂಪ್ಯೂಟರಿಗೆ ಸ್ಟೇರಿಂಗ್, ಪೆಡಲ್ ಜೋಡಿಸಿ ರೇಸಿನ ಆಟ ಹಾಕಿದ್ದ. ಪರದೆಯ ಮೇಲೆ ಎರಡೇ ಬಾಗಿಲಿನ, ಹಗುರಾದ ಕೆಂಪು ಕಾರು.

"ಚಕ್ಕಡಿನ ಎತ್ತು ಮುಂದಿಂದ ಎಳೀತಾವ, ಇದನ್ನ ಹಿಂದಿನ ಗಾಲಿ ದೂಡತಾವ. ತಿರುವಿನ್ಯಾಗ ಪೆಡಲ್ ಜೋರ್ ಒತ್ತಿದ್ರ ಹಿಂದಿಂದು ಮುಂದ ಬಂದು ಕಾರ್ ತಿರುಗಿಬಿಡತೈತಿ," ಎಂದ. ನಾನು, ತಂಗಿ ಇಬ್ಬರಲ್ಲಿ ಬೇಗ ಸುತ್ತು ಮುಗಿಸಿದವರನ್ನು ಭಾನುವಾರ ಬೈಕಿನಲ್ಲಿ ನವಿಲುತೀರ್ಥದ ಡ್ಯಾಮಿಗೆ ಕರೆದೊಯ್ಯುವುದಾಗಿ ಹೇಳಿದ.

ನನ್ನ ಸುತ್ತು ಮುಗಿದ ಮೇಲೆ ತಂಗಿ ಕುಳಿತಳು. ಅವಳ ಕಾಲು ಪೆಡಲಿಗೆ ನಿಲುಕುತ್ತಿರಲಿಲ್ಲ. ನಾನು ಮೇಜಿನ ಕೆಳಗೆ ಕುಳಿತು, ಅವಳು ಹೇಳಿದಂತೆ ಕೈಯಿಂದ ಒತ್ತುತ್ತಿದ್ದೆ.

"ಒತ್ತೋ ಅಣ್ಣಾ... ಈಗ ಬಿಡು!"

ಕೊನೆಯ ತಿರುವು ಹತ್ತಿರ ಬಂದಾಗ ಕಾಕಾ ಕೂಗಿದ: "ಲೇ ತಮ್ಮಾ, ಇಕಿ ನಿನ್ನ ಸೋಲಸ್ತಾಳ ನೋಡು!"

"ಬಿಡೋ ಅಣ್ಣಾ," ಎಂದಳು ತಂಗಿ. ನಾನು ಬೇಕೆಂದೇ ಪೂರ್ತಿ ಒತ್ತಿದೆ.

ಕಾರು ಗಿರ್ರನೆ ತಿರುಗಿ ಹುಲ್ಲಿನಲ್ಲಿ ನಿಂತಿತು.

"ನಾನ ಸ್ಟೇರಿಂಗ್ ಜಾಸ್ತಿ ತಿರುವಿದೆ, ಕಾಕಾ," ಎಂದಳು ಅವಳು. ಭಾನುವಾರ ನಾನೊಬ್ಬನೇ ಕಾಕಾನ ಜೊತೆ ಡ್ಯಾಮ್ ನೋಡಿ ಬಂದು, ನೀರು ಎಷ್ಟಿತ್ತೆಂದು ಅವಳಿಗೇ ವರ್ಣಿಸಿದೆ.

ಮೊನ್ನೆ ಅವಳ ಮಗಳ ಕಾಲೂ ಪೆಡಲಿಗೆ ನಿಲುಕದೆ, ನಾನೇ ಮೇಜಿನ ಕೆಳಗೆ ಕುಳಿತೆ. ತಂಗಿ ನನಗೆ ಚಹಾ ಕೊಡುತ್ತ, "ತಿರುವು ಬಂದಾಗ ಮಾಮಾನ ಕೈ ಮ್ಯಾಲ ಒಂದ್ ಕಣ್ಣಿಡವಾ," ಎಂದು ಮಗಳಿಗೆ ಹೇಳಿ ನಕ್ಕಳು.

ತಿರುವು ಬಂತು. "ಬಿಡು ಮಾಮಾ!"

ಎರಡೂ ಕೈ ಎತ್ತಿಬಿಟ್ಟೆ.