ಗೆರೆಯ ನಡು

ಯಲ್ಲಪ್ಪ ಜೇಬಿನಿಂದ ನೂಲುದಾರ ತೆಗೆದು ಕಾಗದದ ಮೇಲಿನ ಗೆರೆಗೆ ಹಿಡಿದ, ಎರಡಾಗಿ ಮಡಿಚಿದ, ಮತ್ತೆ ಹಿಡಿದ. ಇದೇ ನಡು ಎಂದು ಅವನು ಪೆನ್ಸಿಲಿನಿಂದ ಮಾಡಿದ್ದ ಗುರುತು ನಡುವಿನಲ್ಲಿರಲಿಲ್ಲ. ಜೋಳದ ಕಾಳಿನಷ್ಟು ಬಲಕ್ಕೆ ಸರಿದಿತ್ತು.

"ಸೂಪರ್! ನಮಗೆ ಬೇಕಾಗಿದ್ದೇ ಇದು," ಎಂದಳು ಶಿವರಂಜನಿ. ರಾಜಾಜಿನಗರದ ಆ ಪ್ರಯೋಗಾಲಯದ ಸಂಶೋಧಕಿ. ಎಡ-ಬಲಗಳನ್ನು ಮಿದುಳು ಹೇಗೆ ಅಳೆಯುತ್ತದೆಂದು ತಿಳಿಯಲು, ಎಂಟರ ಆಕಾರದ ಅಯಸ್ಕಾಂತದ ಸುರುಳಿಯನ್ನು ಅವನ ತಲೆಯ ಬಲಕ್ಕೆ ಹತ್ತು ನಿಮಿಷ ಹಿಡಿದಿದ್ದಳು, ಸೆಕೆಂಡಿಗೊಂದು ಟಕ್. ಓದುವವರ ಕಣ್ಣಿಗೆ ಎಡದಿಂದ ಬಲಕ್ಕೆ ಓಡುವ ರೂಢಿ ಇರುತ್ತದೆ, ಅದಕ್ಕೆ ಓದು ಬಾರದವರೇ ಬೇಕೆಂದು ಕಟ್ಟಡದ ಮೇಸ್ತ್ರಿಗೆ ಹೇಳಿ ಕಳಿಸಿದ್ದಳು.

"ಹದಿನೆಂಟು ವರ್ಷ ಗ್ವಾಡಿಗೆ ಗಾರೆ ಬಳದೀನ್ರಿ. ಕಣ್ಣಳತಿ ಹಿಂಗ ತಪ್ಪಿದ್ದಿಲ್ಲ."

"ಅರ್ಧ ಗಂಟೇಲಿ ತಾನಾಗೇ ಸರಿಹೋಗತ್ತೆ. ನೀವಿನ್ನು ಹೊರಡಿ."

ಯಲ್ಲಪ್ಪ ಏಳಲಿಲ್ಲ. ಇನ್ನೊಂದು ಹಾಳೆ ಎಳೆದುಕೊಂಡ. "ನನ್ನ ನಡು ನನಗ ತಿರುಗಿ ಬರ್ಲಿ, ಹೊಕ್ಕೀನಿ."

ಹೆಗ್ಗನಹಳ್ಳಿಯ ಕಟ್ಟಡದಿಂದ ಆಳುಗಳನ್ನು ಟೆಂಪೋದಲ್ಲಿ ತುಂಬಿ ತಂದಿದ್ದ ಮೇಸ್ತ್ರಿ ಗುರುಬಸಪ್ಪ ಬಾಗಿಲಲ್ಲಿ ಇಣುಕಿದ. "ಏನಲೇ ಯಲ್ಲ್ಯಾ, ಎಸಿ ಗಾಳಿ ರುಚಿ ಹತ್ತೇತೇನು? ಏಳು, ಮೂರನೇ ಅಂತಸ್ತಿನ ಹೊರಗ್ವಾಡಿ ಇವತ್ತ ಮುಗೀಬೇಕು."

ಶಿವರಂಜನಿ ಯಲ್ಲಪ್ಪನ ಫಾರ್ಮು ತಿರುವಿದಳು. ತಲೆಯೊಳಗೆ ಕಬ್ಬಿಣದ ಚೂರಿದೆಯೇ, ಮೂರ್ಛೆ ಬರುತ್ತದೆಯೇ, ಬರೆಯುವುದು ಹೋಗಲಿ, ಉಣ್ಣುವುದಾದರೂ ಬಲಗೈಯಲ್ಲೇ ತಾನೇ, ಎಲ್ಲ ಕೇಳಿದ್ದಳು. ಕಸುಬಿನ ಮುಂದೆ ಮಾತ್ರ ಕೇಳದೆಯೇ 'ಕೂಲಿ' ಎಂದು ತಾನೇ ಬರೆದಿದ್ದಳು.

"ಬೊಂಬಿಗೆ ಕಟ್ಟಿದ ಹಲಗಿ ಮ್ಯಾಲ ನಿಂತು ಮಾಡೂ ಕೆಲಸ ಮೇಡಮ್ಮಾರ," ಯಲ್ಲಪ್ಪ ತಣ್ಣಗೆ ಹೇಳಿದ. "ಹಲಗಿ ಇರೂದೇ ಗೇಣಗಲ."

"ಭಯ ಬೇಡ ಯಲ್ಲಪ್ಪನವರೇ. ನಾನೇ ಎರಡು ಸಲ ಇದನ್ನ ತಲೆಗೆ ಹಿಡಿಸ್ಕೊಂಡಿದೀನಿ."

"ಹಿಡಿಸ್ಕೊಂಡು, ಎದ್ದು ಎಲ್ಲಿಗೆ ಹೋದ್ರಿ?"

"ಕ್ಯಾಂಟೀನಿಗೆ," ಎಂದಳು.

ಹೊರಗೆ ಬೆಂಚಿನಲ್ಲಿ ಮುಂದಿನ ಸರದಿಗೆ ಕಾದಿದ್ದ, ಅದೇ ಕಟ್ಟಡದಲ್ಲಿ ಗಾರೆ ಹೊರುವ ಹಾಲವ್ವನಿಗೆ ಅದು ಕೇಳಿಸಿತು. ಲೋಹ ಇರಬಾರದೆಂದು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿದ್ದ ಬೆಂಡೋಲೆಗಳನ್ನು ತೆಗೆದು, ಒಂದೊಂದಾಗಿ ಮತ್ತೆ ಕಿವಿಗೆ ಇಟ್ಟುಕೊಳ್ಳತೊಡಗಿದಳು.