ಬೈಯದ ಅತ್ತೆ

ಕೋಟಿನ ಕಾಲರನ್ನು ಸೊಸೆ ಬೇಕೆಂದೇ ಸೊಟ್ಟಗೆ ಹೊಲಿದಿದ್ದಳು. ತಂದು ಅತ್ತೆಯ ಮಡಿಲಿಗೆ ಹಾಕಿ, ಬೈಗುಳಕ್ಕಾಗಿ ಕಾದು ನಿಂತಳು. ಊರಿಗೆಲ್ಲ ಹೊಲಿಗೆ ಕಲಿಸಿದ ಅತ್ತೆ. ಒಂದು ನೂಲು ಆಚೀಚೆಯಾದರೂ ಅಂಗಡಿಯ ಸೂರು ಹಾರುವಂತೆ ಕೂಗುವವಳು.

ಅತ್ತೆ ಕಾಲರನ್ನು ಒಮ್ಮೆ ಸವರಿ, "ಇರ್ಲಿ ಬಿಡಮ್ಮ, ಯಾರು ನೋಡ್ತಾರೆ," ಎಂದು ಗೋಡೆಯತ್ತ ಮುಖ ತಿರುಗಿಸಿದಳು.

ಸೊಸೆ ಒಳಗೆ ಹೋಗಿ ಗಂಡನನ್ನು ಹಿಡಿದಳು. "ನೋಡಿದ್ರಾ?"

"ನೋಡೋದೇನು? ಮದ್ವೆಯಾದಾಗಿಂದ ಅಮ್ಮನ ಬಾಯಿಗೆ ಹೆದರ್ತಿದ್ದೋಳು ನೀನೇ. ವಯಸ್ಸಾಯ್ತು, ತಣ್ಣಗಾಗಿದ್ದಾಳೆ. ಹಾಯಾಗಿರೋದು ಬಿಟ್ಟು..."

"ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ಮಲಗಿರ್ತಾರೆ. ತಟ್ಟೇಲಿ ಕೈ ಆಡಿಸಿ ಎದ್ದೋಗ್ತಾರೆ. ನಿನ್ನೆ 'ನಾನಿದ್ದು ಯಾರಿಗೇನು ಉಪ್ಯೋಗ' ಅಂದ್ರು. ಇದು ಹಾಯಾಗಿರೋರ ಮಾತೇನ್ರೀ?"

ಮರುದಿನ ಆಸ್ಪತ್ರೆಯಲ್ಲಿ ಏನು ಕೇಳಿದರೂ ಅತ್ತೆಯದು ಒಂದೇ ಉತ್ತರ: "ವಯಸ್ಸಾಯ್ತಲ್ಲಮ್ಮ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ವಯಸ್ಸಾದ್ರೆ ಮಂಡಿ ನೋಯುತ್ತೆ ಅಜ್ಜಿ, ಬದುಕೋ ಆಸೆ ಹೋಗಲ್ಲ. ಇದು ಖಿನ್ನತೆ ಅನ್ನೋ ಕಾಯಿಲೆ. ಔಷಧಿ ಇದೆ. ಮಾತ್ರೆ ತಗೊಳ್ಳಿ, ವಾರವಾರ ಬಂದು ಮಾತಾಡಿ. ನಿಧಾನ ಆಗುತ್ತೆ, ಮಧ್ಯದಲ್ಲಿ ಬಿಡ್ಬೇಡಿ."

ನಿಧಾನವೇ ಆಯಿತು. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಒಂದು ಬೆಳಗ್ಗೆ ಅತ್ತೆ ತಾನಾಗಿ ಕತ್ತರಿ ಕೇಳಿದಳು.

ಅದಾಗಿ ಕೆಲವು ದಿನಕ್ಕೆ, ಅಳತೆ ಕೊಡಲು ಬಂದ ಹಳೆಯ ಗಿರಾಕಿಯೊಬ್ಬ ಅತ್ತೆಯ ಮಗನ ಕಿವಿಯ ಹತ್ತಿರ ಬಾಗಿದ. "ಅಮ್ಮನ್ನ ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀರಂತೆ?" ಮಗ ಅಮ್ಮನತ್ತ ಕಳ್ಳನೋಟ ಬೀರಿದ.

ಅತ್ತೆ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದಳು. "ಅವನನ್ನೇನು ಕೇಳ್ತೀಯಪ್ಪ, ಹೋಗೋಳು ನಾನು. ಅದ್ಸರಿ, ನಿಮ್ಮಪ್ಪ ಯಾಕೆ ಈ ಕಡೆ ತಲೆ ಹಾಕ್ತಿಲ್ಲ? ಎಂಥ ಮಾತಿನಮಲ್ಲ!"

"ಅವ್ರೀಗ ಮಾತೇ ಆಡಲ್ಲ. ವಯಸ್ಸಾಯ್ತಲ್ಲ, ಸುಮ್ನೆ ಕೂತಿರ್ತಾರೆ."

ಹೊಲಿಗೆ ಯಂತ್ರದ ಸದ್ದು ನಿಂತಿತು. ಸೊಸೆ ತಲೆಯೆತ್ತಿದ್ದಳು.

"ನಾಳೇನೇ ಕರ್ಕೊಂಡು ಬಾ," ಎಂದಳು ಅತ್ತೆ. "ಮೊದ್ಲು ನನ್ನ ಸೊಸೆ ಮುಂದೆ ಕೂರ್ಸು." ಯಾರೆದುರೂ ಯಾವತ್ತೂ ಅವಳನ್ನು ಹೊಗಳದ ಬಾಯಿ ಅದು. "ನಾನು ಒಳ್ಳೆಯೋಳಾಗ್ಬಿಟ್ಟೆ ಅಂತ ಮನೆಮಂದಿಯೆಲ್ಲ ಖುಷಿಯಾಗಿದ್ದಾಗ, 'ನಮ್ಮತ್ತೆ ಎಲ್ಲಿ ಹೋದ್ರು' ಅಂತ ಹುಡುಕ್ದೋಳು ಇವಳೊಬ್ಬಳೇ."