ಸವೆದುಹೋದ ನೆನಪು

ವರ್ಷಕ್ಕೊಮ್ಮೆ ಹೊರಗಿನಿಂದ ಸಮಾನತೆಯ ಸಲಹೆಗಾರರು ಬರುವ ದಿನ ಸಂಶೋಧನಾಲಯದಲ್ಲಿ ಬೇರೆ ಕೆಲಸವಿಲ್ಲ. ಎಲ್ಲರೂ ತಲೆಗೆ ಬೇರೆಯವರ ನೆನಪು ತೋರಿಸುವ ಟೋಪಿ ತೊಟ್ಟು, ವಿಜ್ಞಾನಿ ಹುಲಿಗೆಮ್ಮನ ಬಾಲ್ಯದ ನೆನಪೊಂದನ್ನು ತಾವೇ ಅನುಭವಿಸಬೇಕು: ಊರಿನ ಹೋಟೆಲಿನವನು ಅವಳ ಅಪ್ಪನಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಸುರಿದದ್ದು. ಮೊದಲ ವರ್ಷ ನಿರ್ದೇಶಕ ನರಹರಿರಾಯರು ಬಿಕ್ಕಿ ಬಿಕ್ಕಿ ಅತ್ತಿದ್ದರು. ಈ ಸಲ ಟೋಪಿಯೊಳಗೇ ಆಕಳಿಸಿದರು.

"ನೆನಪು ಸವೆದುಹೋಗಿದೆ ಸರ್," ಎಂದಳು ಸಲಹೆಗಾರ್ತಿ. "ಒಬ್ಬರ ಕಣ್ಣೂ ಒದ್ದೆ ಆಗ್ಲಿಲ್ಲ. ಹೊಸದು ಬೇಕು."

"ನಂದು ಅದೊಂದ ಐತ್ರಿ ಮೇಡಂ," ಎಂದಳು ಹುಲಿಗೆಮ್ಮ. "ಆಮ್ಯಾಲೆ ನಾವು ಊರ ಬಿಟ್ವಿ. ಇಲ್ಲಿ ನನಗ ಯಾರೂ ಹಂಗ ಮಾಡಿಲ್ರಿ." ಹೇಳುವಾಗ ಅವಳಿಗೆ ಹೆಮ್ಮೆಯೇ ಆಯಿತು.

ಸಲಹೆಗಾರ್ತಿ ರಾಯರ ಕಿವಿಯಲ್ಲಿ ಏನೋ ಉಸುರಿದಳು. ಆಮೇಲೆ ನೆನಪು ಹಿಡಿಯುವ ಟೋಪಿಯೊಂದನ್ನು ಹುಲಿಗೆಮ್ಮನ ತಲೆಗೆ ಮೆತ್ತಗೆ ತೊಡಿಸಿ, "ಬರೀ ಪರೀಕ್ಷೆಗೆ, ತೆಗೀಬೇಡಿ" ಎಂದಳು.

ಚಹಾ ಬಂತು. ಎಲ್ಲರಿಗೂ ಪಿಂಗಾಣಿಯ ಕಪ್ಪು. ಹುಲಿಗೆಮ್ಮನ ಮುಂದೆ ಮಾತ್ರ ರಾಯರೇ ಕೈಯಾರೆ ತೆಂಗಿನ ಚಿಪ್ಪು ತಂದಿಟ್ಟು, ಮುಟ್ಟದಂತೆ ಮೇಲಿನಿಂದ ಚಹಾ ಸುರಿದರು. ಸಹೋದ್ಯೋಗಿಗಳು ತಲೆ ತಗ್ಗಿಸಿ ಬಿಸ್ಕತ್ತು ಅದ್ದಿಕೊಂಡರು. ಟೋಪಿಯ ದೀಪ ಕೆಂಪಗೆ ಹತ್ತಿತು.

ಹುಲಿಗೆಮ್ಮ ತುಟಿ ಕಚ್ಚಿ ಹಿಡಿದಳು.

"ತಡ್ಕೋಬೇಡಿ, ಅತ್ತುಬಿಡಿ," ಎಂದಳು ಸಲಹೆಗಾರ್ತಿ ಅಕ್ಕರೆಯಿಂದ ಬೆನ್ನು ಸವರುತ್ತ. "ಈ ನೆನಪು ಐದು ವರ್ಷ ಆದ್ರೂ ಬಾಳಿಕೆ ಬರಬೇಕಲ್ವಾ?"